ನಮ್ಮನ್ನು ಹುಡುಕಲು ಬಂದ ವಿಮಾನ

ಹಿಮಾಲಯದಿಂದ ಬದುಕಿ ಬಂದ ವಾರವೆಲ್ಲ ಹೊನ್ನವಳ್ಳಿಯ ನಮ್ಮ ಮನೆಗೆ ನೆಂಟರು ಬರುತ್ತಲೇ ಇದ್ದರು. ಪುಣ್ಯ ಮಾಡಿದ್ದಿರಿ ಎಂದರು. ನನಗೆ ಅವರೆದುರು ಒಂದು ಕಡೆ ಕೂರಲಾಗುತ್ತಿರಲಿಲ್ಲ. ಕಾಫಿ ತರುವ ನೆಪದಲ್ಲಿ ಎದ್ದು ಹೋಗಿ ಹಿತ್ತಲಲ್ಲಿ ನಿಲ್ಲುತ್ತಿದ್ದೆ.

ನಾನು ಪ್ರೌಢಶಾಲೆಯಲ್ಲಿ ಹಿಂದಿ ಕಲಿಸುವವಳು. ನನ್ನವರು ತೋಟ ನೋಡಿಕೊಂಡು ತಿಪಟೂರಿಗೆ ಕೊಬ್ಬರಿ ಹಾಕುವವರು. ರಜೆಯಲ್ಲಿ ಇನ್ನೂ ಐದು ಜನರ ಜೊತೆ ಬೆಟ್ಟದ ಮೇಲಿನ ಶಿವನ ಗುಡಿಗೆ ನಡೆದು ಹೋಗಿದ್ದೆವು. ಇಳಿಯುವಾಗ ಹಿಮ ಸುರಿಯಿತು. ಕುರಿಗಾಹಿಗಳ ಕಲ್ಲಿನ ಗುಡಿಸಲೊಂದು ಸಿಕ್ಕಿತು. ಒಳಗೆ ಸೌದೆಯಿತ್ತು, ನಮ್ಮ ಚೀಲದಲ್ಲಿ ಅವಲಕ್ಕಿ, ಟೀಪುಡಿ ಇದ್ದವು. ಫೋನಿಗೆ ಸಿಗ್ನಲ್ ಇರಲಿಲ್ಲ ಎನ್ನುವುದನ್ನು ಬಿಟ್ಟರೆ ಎರಡು ದಿನ ಕಷ್ಟವೇನೂ ಆಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಹಿಮ ಸ್ವಲ್ಪ ಬಿಟ್ಟಾಗ ವಿಮಾನದ ಸದ್ದು ಕೇಳಿತು. ದೂರ ಹೋಗಿ ಮತ್ತೆ ತಿರುಗಿ ಬಂತು. ಯಾವುದೋ ಮಿಲಿಟರಿ ವಿಮಾನ, ಗಡಿಯ ಕಡೆ ಹೋಗುತ್ತಿರಬೇಕು ಎಂದು ನಾನೇ ಹೇಳಿದೆ. ಟೀ ಆಗಷ್ಟೇ ಕುದಿದಿತ್ತು. ಯಾರೂ ಎದ್ದು ಬಾಗಿಲು ತೆಗೆಯಲಿಲ್ಲ.

ಮರುದಿನ ಬಿಸಿಲು ಬಂದು ನಾವೇ ನಡೆದು ಇಳಿದೆವು. ಕೆಳಗಿನ ಶಿಬಿರದಲ್ಲಿ ಒಬ್ಬ ಅಧಿಕಾರಿ ನಮ್ಮ ಹೆಸರುಗಳನ್ನು ಪಟ್ಟಿಗೆ ತಾಳೆ ನೋಡಿ, ಟೊಪ್ಪಿ ತೆಗೆದು, ಸುಮ್ಮನೆ ಬೆಂಚಿನ ಮೇಲೆ ಕೂತುಬಿಟ್ಟರು. ಊರಿಂದ ನನ್ನ ತಮ್ಮ ಗಾಬರಿಯಾಗಿ ಸಹಾಯವಾಣಿಗೆ ಫೋನು ಮಾಡಿದ್ದನಂತೆ. ನಮ್ಮನ್ನು ಹುಡುಕುತ್ತಿದ್ದ ವಿಮಾನ ಮಂಜಿನಲ್ಲಿ ಬೆಟ್ಟಕ್ಕೆ ಬಡಿದು, ಒಳಗಿದ್ದ ನಾಲ್ವರೂ ತೀರಿಕೊಂಡಿದ್ದರು.

ಊರಿಗೆ ಬಂದ ಮೇಲೆ ತೋಟದಲ್ಲಿ ಮೋಟಾರು ಶುರುವಾದರೂ ಬಾಗಿಲಿಗೆ ಓಡುವಂತಾಯಿತು. ಪಾಠ ಮಾಡುತ್ತ ಕಿಟಕಿಯ ಬಳಿ ಹೋಗಿ ನಿಂತುಬಿಡುತ್ತಿದ್ದೆ. ನನ್ನವರು "ಬುಡು, ನಾವೇನ್ ಬೇಕೂಂತ ಮಾಡಿದ್ವಾ?" ಎಂದರು. ಆದರೆ ಅವರೂ ಟೀ ಕುಡಿಯುವುದನ್ನು ಬಿಟ್ಟಿದ್ದರು.

ಆ ಅಧಿಕಾರಿಯ ಮೂಲಕ ನಾಲ್ಕೂ ಮನೆಗಳಿಗೆ ಕಾಗದ ಬರೆದೆ. ಪೈಲಟ್‌ನ ತಂದೆ ಮಾತ್ರ ಫೋನು ಮಾಡಿದರು. ನಿವೃತ್ತ ಅಂಚೆ ನೌಕರರು, ಮೆಲುದನಿ. ಮಗನಿಗೆ ನೀವು ಕಾಣಿಸಿದಿರಾ ಎಂದು ಕೇಳಿದರು. ಕಾಣಿಸಿದೆವು, ನಾವು ಶಾಲು ಬೀಸಿದೆವು, ಅವರು ಕಂಡೆವು ಎನ್ನುವಂತೆ ವಿಮಾನದ ರೆಕ್ಕೆ ವಾಲಿಸಿ ಹೋದರು ಎಂದುಬಿಟ್ಟೆ. ಅವರು ಅಳುತ್ತಲೇ ಹೆಂಡತಿಯನ್ನು ಕರೆದು ಅದನ್ನೇ ಹೇಳುವುದು ಕೇಳಿಸಿತು.

"ಒಳ್ಳೇದೇ ಮಾಡ್ದೆ ಕಣೇ, ಅವ್ರ್ಗೂ ಸಮಾಧಾನ ಆಯ್ತಲ್ಲ" ಎಂದರು ನನ್ನವರು. ತಿಂಗಳೊಳಗೆ ಪೈಲಟ್‌ನ ಊರಿನ ಪತ್ರಿಕೆಯೊಂದರಲ್ಲಿ ನಾನು ಹೇಳಿದ್ದು ಅಚ್ಚಾಗಿ, ಅದರ ಫೋಟೊ ನನ್ನ ಮೊಬೈಲಿಗೆ ಬಂತು. ಶಾಲು, ರೆಕ್ಕೆ ಎಲ್ಲವೂ ಇತ್ತು. ಓದಿದ ಮೇಲೆ ಅನ್ನ ಸೇರಲಿಲ್ಲ. ಮೂರು ದಿನ ಒದ್ದಾಡಿ, ಒಂದು ಮಧ್ಯಾಹ್ನ ತೋಟದ ಬದುವಿನ ಮೇಲೆ ಅತ್ತಿಂದಿತ್ತ ಓಡಾಡುತ್ತ ಆ ತಂದೆಗೆ ಫೋನು ಮಾಡಿ ನಿಜ ಹೇಳಿದೆ. ಬಾಗಿಲು ಮುಚ್ಚಿತ್ತು, ಟೀ ಕುಡಿಯುತ್ತಿದ್ದೆವು ಎಂದೆ.

ಅವರು, "ಒಳಗೆ ಬೆಚ್ಚಗಿತ್ತಾ?" ಎಂದರು.

ಇತ್ತು ಎಂದೆ.

"ಅವನ ತಾಯಿಗೆ ಇದನ್ನು ಹೇಳಬೇಡಿ" ಎಂದು ಫೋನಿಟ್ಟರು. ಸಿಟ್ಟೋ, ದುಃಖವೋ ಗೊತ್ತಾಗಲಿಲ್ಲ.

ವರ್ಷದ ತಿಥಿಗೆ ಕರೆದದ್ದು ಆ ತಾಯಿಯೇ. ಮಗ ಕೊನೆಗೆ ನೋಡಿದ್ದು ನಿಮ್ಮನ್ನು, ಬರಲೇಬೇಕು ಎಂದರು. ನಾನು ಆಗದು ಎಂದು ಹಟ ಹಿಡಿದೆ. "ನೀನ್ ಬರ್ದಿದ್ರೆ ನಾನೊಬ್ನೇ ಹೋಗ್ತೀನಿ" ಎಂದು ನನ್ನವರು ಟಿಕೆಟ್ ತೆಗೆಸಿದರು. ಕೊನೆಗೆ ನಾನೂ ಹೊರಟೆ. ಅಲ್ಲಿಯ ಸ್ಟೇಷನ್ನಿಗೆ ಪೈಲಟ್‌ನ ತಂದೆಯೇ ಬಂದಿದ್ದರು. ಬೇಡವೆಂದರೂ ನನ್ನ ಚೀಲ ತಾವೇ ಹೊತ್ತರು. ದಾರಿಯುದ್ದಕ್ಕೂ ನಮ್ಮ ಕಡೆಯ ಮಳೆ, ಬೆಳೆ ಕೇಳಿದರು.

ಊಟವಾದ ಮೇಲೆ ತಾಯಿ ನನ್ನ ಕೈ ಹಿಡಿದು, ಬಂದ ನೆಂಟರಿಗೆಲ್ಲ ಅಂದಿನದನ್ನು ಹೇಳಿ ಎಂದರು. ನಾನು ತಂದೆಯ ಕಡೆ ನೋಡಿದೆ. ಅವರು ತಲೆ ಬಗ್ಗಿಸಿ ನೆಲ ನೋಡುತ್ತಿದ್ದರು. ಶಾಲು, ರೆಕ್ಕೆ ಎಲ್ಲವನ್ನೂ ಮತ್ತೆ ಹೇಳಿದೆ.