ಅಟ್ಟದ ಮೇಲಿನ ಕಂಚಿನ ತಟ್ಟೆ

ಆ ದಿನ ಚಾಮರಾಜನಗರದಲ್ಲಿ ಆದದ್ದು ಇಷ್ಟೆ: ಮೂವತ್ತು ವರ್ಷ ಇಟ್ಟುಕೊಂಡಿದ್ದ ನನ್ನ ಗಂಡನನ್ನು ಮಿಲಿಟರಿಯವರು ಹಾರ ಹಾಕಿ ನನಗೆ ವಾಪಸು ಕೊಟ್ಟರು.

ನಮ್ಮವರು ಬಂದೂಕು ಮುಟ್ಟಿದವರಲ್ಲ. ಬೆಂಗಳೂರಿನ ಮಿಲಿಟರಿ ಕಚೇರಿಯಲ್ಲಿ ಸಿಪಾಯಿಗಳ ರಜೆ, ಪಿಂಚಣಿ, ಸಾವು ಎಲ್ಲದರ ಕಾಗದ ಬರೆಯುವ ಗುಮಾಸ್ತರು. ನಾನು ಗುಂಡ್ಲುಪೇಟೆಯಲ್ಲಿ ಅತ್ತೆ, ಮಕ್ಕಳು, ಹಸು ನೋಡಿಕೊಂಡಿದ್ದೆ. ವರ್ಷಕ್ಕೆರಡು ಸಲ ಬರುತ್ತಿದ್ದರು. ಬಂದಾಗ ನೆಂಟರಿಗೆಂದು ಅಟ್ಟದಲ್ಲಿಟ್ಟಿದ್ದ ಕಂಚಿನ ತಟ್ಟೆ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಹೋದ ಮೇಲೆ ಅದನ್ನು ಮತ್ತೆ ಮೇಲಿಡಲು ಎರಡು ದಿನ ಕೈ ಬರುತ್ತಿರಲಿಲ್ಲ.

ಮನೆಗೆ ಕಾಗದ ಬರೆದರೂ ಕಚೇರಿಯ ಹಾಗೇ. ಒಂದು, ನಿನ್ನ ಪತ್ರ ತಲುಪಿದೆ. ಎರಡು, ಮಗುವಿನ ಜ್ವರದ ವಿಚಾರ ತಿಳಿಯಿತು. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಬೆರಳಿಟ್ಟು ಓದುತ್ತ, ನಂಬರಿಲ್ಲದ ಒಂದು ಸಾಲು ಎಲ್ಲಾದರೂ ಇದೆಯೇ ಎಂದು ಕೊನೆಯವರೆಗೆ ಹುಡುಕುತ್ತಿದ್ದೆ. ಒಮ್ಮೆ ನಾನೂ ನಂಬರು ಹಾಕಿಯೇ ಬರೆದೆ: ಒಂದು, ಬೇಗ ಬನ್ನಿ. ಎರಡು ಇರಲಿಲ್ಲ. ಉತ್ತರ ಬಂತು: ಒಂದನೇ ವಿಷಯ, ರಜೆ ಮಂಜೂರಾದ ಮೇಲೆ.

ರಿಟೈರಾದರು. ಈ ಕಡೆಯ ಹಳೇ ಸಿಪಾಯಿಗಳು ಸೇರಿ ಚಾಮರಾಜನಗರದ ಛತ್ರದಲ್ಲಿ ಹಾರ ಹಾಕಿ ಶಾಲು ಹೊದಿಸಿದರು. ಸಂತೆಮರಹಳ್ಳಿಯ ಕುಂಟ ಸಿಪಾಯಿಯೊಬ್ಬ ನನ್ನ ಹತ್ತಿರವೇ ಬಂದ. "ನಿಮ್ ಯಜಮಾನ್ರು ಇಲ್ದೆ ಓಗಿದ್ರೆ ನನ್ ಪಿಂಚಣಿ ಕಾಗ್ದ ಇವತ್ಗೂವೆ ಡೆಲ್ಲೀಲೇ ಬಿದ್ದಿರದು ಕಣವ್ವ" ಎಂದು ಕಣ್ಣೊರೆಸಿಕೊಂಡ. ಆಮೇಲೆ ಇವರ ಕಡೆ ತಿರುಗಿ, "ಸಾರ್, ಇಲ್ಲೇ ನಗರದಲ್ಲಿ ಒಂದ್ ರೂಮ್ ಮಾಡ್ಕೊಡ್ತೀವಿ. ಕೂತ್ಕಂಡು ನಮ್ಗೆ ಅರ್ಜಿ ಬರ್ಕೊಡಿ" ಅಂದ.

"ಯೋಚ್ನೆ ಮಾಡಿ ತಿಳಿಸ್ತೀನಿ" ಅಂದರು ನಮ್ಮವರು.

ವಾಪಸು ಸಿಕ್ಕಿದ ದಿನವೇ ಮತ್ತೆ ಹೋಗುವ ಮಾತು. ಊರಿಗೆ ಹೊರಟ ಬಸ್ಸು ತೆರಕಣಾಂಬಿ ದಾಟಿತು. ಆಮೇಲೆ ಕೇಳಿಯೇ ಬಿಟ್ಟೆ. "ಅದೇನ್ರೀ ಯೋಚ್ನೆ ಮಾಡದು?"

ಮಡಿಲಲ್ಲಿದ್ದ ಹಾರದ ಹೂವು ಕೀಳುತ್ತ, "ಮನೇಲಿ ನಂಗೇನು ಕೆಲ್ಸ ಐತೆ, ನೀನೇ ಹೇಳು" ಅಂದರು.

ಸಂಜೆ ರೂಢಿಯಂತೆ ಕಂಚಿನ ತಟ್ಟೆಯಲ್ಲೇ ಬಡಿಸಿದೆ. ಉಂಡಾದ ಮೇಲೆ ಅವರು ಕೈ ತೊಳೆಯಲು ಏಳಲಿಲ್ಲ. ನೀರು ತರಲಿ ಎಂದು ನೆಂಟರ ಹಾಗೆ ಕೂತೇ ಇದ್ದರು. ನನ್ನ ತಪ್ಪು ನನಗೆ ಕಂಡದ್ದು ಆಗ. ಬರಲಿ ಬರಲಿ ಎಂದು ಕಾದವಳು, ಬಂದಾಗ ಅವರನ್ನು ಮನೆಯವರೊಳಗೆ ಸೇರಿಸಿಕೊಂಡಿರಲೇ ಇಲ್ಲ.

ಮಾರನೆಯ ಬೆಳಿಗ್ಗೆ ಕಂಚಿನ ತಟ್ಟೆಯನ್ನು ಅಟ್ಟಕ್ಕೆ ಹಾಕಿದೆ. ನನ್ನದರಂಥದೇ ನೆಗ್ಗಿದ ಅಲ್ಯೂಮಿನಿಯಂ ತಟ್ಟೆಯಲ್ಲಿ ರಾಗಿರೊಟ್ಟಿ ಕೊಟ್ಟೆ. ತಿಂದು ಮುಗಿಸುವುದನ್ನೇ ಕಾದಿದ್ದು, ಹಗ್ಗ ಬಿಂದಿಗೆ ಮುಂದಿಟ್ಟು, "ಬಾವೀಲಿ ನೀರು ಸೇದ್ಕಬನ್ನಿ, ಹಸ ಬಾಯಾರೈತೆ" ಅಂದೆ.