ವೈನಿಯವರ ಮಳೆಬೂಟು

ನಿನ್ನೆ ಬಸವಕಲ್ಯಾಣದ ಬಜಾರಿನಲ್ಲಿ ಒಂದು ಚಪ್ಪಲಿ ಅಂಗಡಿಯ ಮುಂದೆ ಹಾಯುತ್ತಿದ್ದೆ. ಒಳಗಿನಿಂದ ಹೊಸ ರಬ್ಬರಿನ ವಾಸನೆ ಬಂತು. ನಿಮಗೂ ಗೊತ್ತಿರುತ್ತದೆ ಆ ವಾಸನೆ. ಯಾವ ಕೆಲಸಕ್ಕೆ ಹೊರಟಿದ್ದೆನೋ ಅದನ್ನು ಮರೆತು ಒಳಗೆ ಹೋಗಿ ಕೂತುಬಿಟ್ಟೆ. ಅಂಗಡಿಯವರು ಬೇರೊಬ್ಬ ಗಿರಾಕಿಯ ಜೊತೆ ಮಾತಿಗೆ ಬಿದ್ದಿದ್ದರು, ನನಗೂ ಅವಸರವಿರಲಿಲ್ಲ. ಕೂತಲ್ಲೇ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಕಣ್ಣ ಮುಂದೆ ಬಂದು ನಿಂತರು. ಇಳಕಲ್ ಸೀರೆಯ ಕೆಳಗೆ ಬೆಟ್ಟ ಹತ್ತುವವರ ದಪ್ಪ ಬೂಟು ಹಾಕಿಕೊಂಡು.

ನಮ್ಮ ಮನೆ ಹುಡಗಿಯಲ್ಲಿ. ಶ್ರಾವಣ ಬಂತೆಂದರೆ ನಮ್ಮ ಓಣಿಯ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಹುಮನಾಬಾದ್ ದಾಟಿ ಇದೇ ಕಲ್ಯಾಣದ ಗುಡಿಯ ತನಕ ಬರಿಗಾಲಲ್ಲಿ ನಡೆಯುತ್ತಾರೆ. ವೈನಿ ಮದುವೆಯಾಗಿ ಬಂದಾಗಿನಿಂದ ತಪ್ಪಿಸಿದವರಲ್ಲ. ಆಮೇಲೆ ಅವರಿಗೆ ಶುಗರ್ ಬಂತು. ಮೊದಲು ಚಹಾದೊಳಗಿನ ಸಕ್ಕರೆ ಹೋಯಿತು, ಬರಬರುತ್ತ ಪಾದಗಳ ಸ್ಪರ್ಶಜ್ಞಾನವೂ ಹೋಯಿತು. ಒಂದು ದಿನ ಒಲೆಯಿಂದ ಉರುಳಿದ ಕೆಂಡದ ಮೇಲೆ ಕಾಲಿಟ್ಟವರು, ಸುಟ್ಟ ವಾಸನೆ ಬಂದ ಮೇಲೆ ಕೆಳಗೆ ನೋಡಿದರು. ಆ ಗಾಯ ಮಾಯುವಷ್ಟರಲ್ಲಿ ಮನೆಮಂದಿಯೆಲ್ಲ ಸೋತುಹೋದೆವು. ಇನ್ನು ಬರಿಗಾಲು ಬೇಡ, ಒದ್ದೆ ಕಾಲೂ ಬೇಡ, ಇನ್ನೊಂದು ಗಾಯವಾದರೆ ಕಾಲೇ ತೆಗೆಯಬೇಕಾದೀತು ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು.

"ಹಂಗಾದ್ರ ನೀರು ಹೋಗಲಾರದ ಬೂಟ್ ಹಾಕ್ಕೊಂಡು ನಡೀತೀನಿ," ಅಂದರು ವೈನಿ.

ಅಣ್ಣ ತಲೆ ಚಚ್ಚಿಕೊಂಡ. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, "ನೀ ಜೋಡಿ ಹೋಗು. ಬೂಟಿನ್ಯಾಗ ನೀರು ಹೊಕ್ತಂದ್ರ ಅಲ್ಲೇ ಬಸ್ ಹತ್ತಸು. ಅಕಿ ಮಾತು ಕೇಳಬ್ಯಾಡ," ಅಂದ. ಬೇಲಿ ಹಾರಲೂ ಇನ್ನೊಬ್ಬರ ಕೈ ಹಿಡಿಯುವ ನಾನು ಅವತ್ತಿನಿಂದ ಬೂಟಿನ ಪಂಡಿತನಾದೆ. ಮೊಬೈಲಿನಲ್ಲಿ ಹಿಮಾಲಯ ಹತ್ತಿದವರ ವೀಡಿಯೊ ನೋಡಿ ನೋಡಿ ಕಣ್ಣು ಕೆಂಪಾದವು. ಲೇಸಿನ ಕೆಳಗಿನ ನಾಲಿಗೆ ಎರಡೂ ಬದಿಗೆ ಹೊಲಿದಿರಬೇಕು, ಇಲ್ಲದಿದ್ದರೆ ನೀರು ಅಲ್ಲಿಂದಲೇ ಇಳಿಯುತ್ತದೆ. ತಳದ ಅಟ್ಟೆಗೆ ಜಾರದಂತೆ ಆಳವಾದ ಹಲ್ಲಿರಬೇಕು. ಬೆರಳಿನ ಮುಂದೆ ಜಾಗ ಬೇಕು. ಇಷ್ಟೆಲ್ಲ ಬಾಯಿಪಾಠ ಮಾಡಿ ಅವರನ್ನು ಹೈದರಾಬಾದಿಗೆ ಕರೆದುಕೊಂಡು ಹೋದರೆ, ವೈನಿ ಹಾಕಿದ ಜೋಡಿಗೆಲ್ಲ "ಛಲೋ ಅದ, ಛಲೋ ಅದ" ಅನ್ನುತ್ತ ಹೋದರು. ಬಿಗಿಯಾದದ್ದೂ ಛಲೋ, ಸಡಿಲವಾದದ್ದೂ ಛಲೋ! ಆ ಪಾದಗಳಿಗೆ ಏನು ತಿಳಿಯಬೇಕು? ಕಡೆಗೆ ಪೇಪರಿನ ಮೇಲೆ ಅವರನ್ನು ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು, ಕತ್ತರಿಸಿ, ಆ ಕಾಗದದ ಪಾದವನ್ನು ಬೂಟುಗಳೊಳಗೆ ಇಳಿಸಿ ನೋಡಿದೆ. ಎಲ್ಲಿಯೂ ಮಡಚದೆ ಕೂತ ಜೋಡಿಯನ್ನು ಕೊಂಡೆವು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಎರಡೂ ಬೂಟು ಬಚ್ಚಲ ಕಟ್ಟೆಯ ಮೇಲೆ ಕಂಠದ ತನಕ ನೀರು ತುಂಬಿಕೊಂಡು ಕೂತಿವೆ.

"ಕೊಡ ತಂದ್ರ ನೀರು ಹಾಕಿ ನೋಡಂಗಿಲ್ಲೇನು? ಒಂದು ಹನಿ ಸೋರಿಲ್ಲ ನೋಡು!" ಅಂದರು ವೈನಿ, ಹೆಮ್ಮೆಯಿಂದ.

ಒಳಗಿನ ಬಟ್ಟೆಯೆಲ್ಲ ನೀರು ಕುಡಿದಿತ್ತು. ಆ ಮಳೆಯಲ್ಲಿ ಒಣಗುವ ಮಾತೇ ಇರಲಿಲ್ಲ. ಅವಸರ ತಡೆಯದೆ ವೈನಿ ಅವನ್ನು ಒಲೆಯ ಪಕ್ಕದಲ್ಲಿಟ್ಟರು. ಅಂಟು ಬಿಸಿಗೆ ಸಡಿಲಾಗಿ, ಎಡಗಾಲಿನ ಅಟ್ಟೆ ಮುಂದುಗಡೆ ಬಾಯಿ ಬಿಟ್ಟಿತು. ಹುಮನಾಬಾದಿನ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿನ ತುಂಡು ಅಂಟಿಸಿಕೊಂಡು ಬಂದೆವು. ಈ ಸಲ ವೈನಿ ಬೂಟಿನೊಳಗೆ ಒಂದು ಹಪ್ಪಳ ಇಟ್ಟು ಬಕೀಟಿನ ನೀರಿನಲ್ಲಿ ಒತ್ತಿ ಹಿಡಿದರು. ತೆಗೆದಾಗ ಹಪ್ಪಳ ಒಣಗೇ ಇತ್ತು, ಲಟಕ್ಕನೆ ಮುರಿಯಿತು. ಇಬ್ಬರೂ ಗೆದ್ದವರಂತೆ ನಕ್ಕೆವು.

ಹೊರಟ ದಿನ ಗುಂಪಿನ ಹಿರಿಯಳಾದ ಕಸ್ತೂರಬಾಯಿ ಮುಖ ಸಿಂಡರಿಸಿದಳು. "ಬೂಟ್ ಹಾಕ್ಕೊಂಡು ದೇವರಿಗಿ ನಡೆದವರಿಗಿ ಎಲ್ಲ್ಯರ ನೋಡೀರೇನ್ರವ್ವಾ?" ವೈನಿ ಸೀರೆಯ ಅಂಚು ಎತ್ತಿ ಸಿಕ್ಕಿಸಿಕೊಂಡು ನಡೆದರು. ಎರೆಮಣ್ಣು ಅಟ್ಟೆಗೆ ಮೆತ್ತಿ ಬೂಟು ಕಲ್ಲಿನಷ್ಟು ಭಾರವಾಗುತ್ತಿತ್ತು. ಎಲ್ಲಿ ಕೂತರೂ ನಾನು ಬೂಟು ಬಿಚ್ಚಿಸಿ ಒಳಗೆ ಕೈ ಹಾಕಿ ನೋಡುತ್ತಿದ್ದೆ, ಯಾಕೆಂದರೆ ಒದ್ದೆಯಾದದ್ದು ಅವರಿಗೆ ಗೊತ್ತಾಗುವಂತಿರಲಿಲ್ಲ. ವೈನಿ ತಮ್ಮ ಪಾದಗಳನ್ನೇ ನೋಡುತ್ತ ಒಮ್ಮೆ ಅಂದರು, "ಇವು ನನ್ನವಲ್ಲ ಅನಸ್ತದ ತಮ್ಮಾ. ಆದ್ರೂ ನಾ ಹೇಳಿದಲ್ಲಿ ಬರಾಕತ್ತಾವ ನೋಡು." ನಾನು ಬೆರಗಾಗಿ ಕೂತೆ. ನೆಲ ಎಲ್ಲಿದೆ ಎಂದು ಕಣ್ಣಿನಿಂದ ಮಾತ್ರ ತಿಳಿದು, ನಂಬಿ, ಹೆಜ್ಜೆ ಇಡುವುದೆಂದರೆ ಸಣ್ಣ ಮಾತೇ? ನನ್ನಿಂದಾಗದ ಕೆಲಸ.

ರಾಜೇಶ್ವರ ದಾಟಿದ ಮೇಲೆ ರಸ್ತೆಗೆ ಹಳ್ಳ ಬಂದಿತ್ತು. ದಾಟಿ ಆಚೆ ಕೂತು ಎಡಬೂಟಿನೊಳಗೆ ಕೈ ಹಾಕಿದೆ. ಕೈ ಒದ್ದೆಯಾಯಿತು. ವೈನಿ ನನ್ನ ಮುಖ ನೋಡಿಯೇ ತಿಳಿದರು. "ಬಸ್ಸಿಗಿ ಕೈ ಮಾಡ್ತೀಯೇನು?" ಅಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದೇ ಇಲ್ಲ.

ಅಷ್ಟರಲ್ಲಿ ಕಸ್ತೂರಬಾಯಿ ಬಂದು ಮುಂದೆ ಕುಕ್ಕರಗಾಲಲ್ಲಿ ಕೂತಳು. ಯಾರನ್ನೂ ಏನೂ ಕೇಳದೆ ವೈನಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಸೆರಗಿನಿಂದ ಬೆರಳ ಸಂದು ಸಂದು ಒರೆಸಿದಳು. ನಾನು ಬಗ್ಗಿ ತಿರುಗಿಸಿ ನೋಡಿದೆ. ಚರ್ಮ ಬೆಳ್ಳಗೆ ಮುದುರಿತ್ತು, ಗಾಯವಿರಲಿಲ್ಲ. ಅಣ್ಣನಿಗೆ ಫೋನ್ ಹಚ್ಚಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಒಂದೇ ಮಾತು ಕೇಳಿದ.

"ಗಾಯ ಇಲ್ಲಂದಿ?"

"ಇಲ್ಲಣ್ಣ."

"ಹಂಗಾದ್ರ ನಡೀಲಿ. ಲಕ್ಷ್ಯ ಇರಲಿ."

ಕಸ್ತೂರಬಾಯಿ ತನ್ನ ಬುತ್ತಿಯ ರೊಟ್ಟಿಗಳನ್ನು ಉಡಿಗೆ ಸುರಿದುಕೊಂಡು, ಅವಿದ್ದ ಪ್ಲಾಸ್ಟಿಕ್ ಚೀಲ ಝಾಡಿಸಿ ಕೊಟ್ಟಳು. ಒಣ ಕಾಲುಚೀಲ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಒದ್ದೆ ಬೂಟು. ಕಲ್ಯಾಣ ಮುಟ್ಟುವ ತನಕ ಅವಳು ವೈನಿಯ ಕೈ ಬಿಡಲಿಲ್ಲ.

ಗುಡಿಯ ಬಾಗಿಲಲ್ಲಿ ಬೂಟು ಬಿಚ್ಚಲೇಬೇಕಿತ್ತು. ನಾನು ಮುಂದೆ ಹೋಗಿ, ಒಂದು ಹರಳೂ ಇರಬಾರದೆಂದು ಹಾಸುಗಲ್ಲಿನ ಮೇಲೆ ಅಂಗೈ ಆಡಿಸುತ್ತ ಬಗ್ಗಿಕೊಂಡು ನಡೆದೆ. ನೋಡಿದವರು ಇವನದೊಂದು ಹರಕೆ ಅಂದುಕೊಂಡಿರಬೇಕು. ಹಿಂದೆ ವೈನಿ ಬರಿಗಾಲಲ್ಲಿ ಬಂದರು. ನಡುವೆ ನಿಂತು, ಕಣ್ಣು ಮುಚ್ಚಿ, ನನ್ನನ್ನು ಕೇಳಿದರು.

"ತಮ್ಮಾ, ನೆಲ ಹ್ಯಾಂಗದ?"

ನಾನು ಮತ್ತೊಮ್ಮೆ ಹಾಸುಗಲ್ಲಿನ ಮೇಲೆ ಅಂಗೈ ಒತ್ತಿದೆ. "ತಣ್ಣಗದರಿ ವೈನಿ. ನುಣ್ಣಗದ. ಒಂದೀಟು ಹಸಿ ಅದ."

"ಹೌದು," ಅಂದರು ಅವರು, ಮುಖವೆಲ್ಲ ಬೆಳಗಿ. "ಮೊದಲಿನಂಗೇ ಅದ."

ಅಂಗಡಿಯವರು ಈಗ ನನ್ನ ಮುಂದೆ ಬಂದು ನಿಂತಿದ್ದರು. "ಏನ್ ತೋರಿಸ್ಲಿ ಸಾಹೇಬ್ರ?" ಎಂದು ಕೇಳಿದರು. ನಾನು ಚಪ್ಪಲಿ ಬಿಟ್ಟು ಎದ್ದು ನಿಂತಿದ್ದೆ. ಕಾಲ ಕೆಳಗಿನ ಫರಸಿಕಲ್ಲು ತಂಪಾಗಿತ್ತು. ಒಂದು ಕಡೆ ಸ್ವಲ್ಪ ಉಸುಕು, ಇನ್ನೊಂದು ಕಡೆ ಬಾಗಿಲಿಂದ ಬಂದ ಬಿಸಿಲಿನ ಬಿಸುಪು. ಇಷ್ಟೆಲ್ಲ ನನ್ನ ಪಾದಗಳು ತಾವಾಗಿಯೇ ಹೇಳುತ್ತಿದ್ದವು, ನಾನು ಕೇಳದಿದ್ದರೂ.

"ಒಂದೀಟು ತಡೀರಿ," ಅಂದೆ. "ನೆಲದ ಮ್ಯಾಲ ನಿಂತೀನ್ರಿ."