ಅಕ್ಕ ಎಣಿಸಿದ ಸಮುದ್ರದ ಮರಳು

ಬೇಸಿಗೆಯಲ್ಲಿ ಮನೆಗೆ ಯಾರಾದರೂ ಬಂದಾಗ ಪಂಖಾದ ಬಟನ್ ಒತ್ತುವ ಮುನ್ನ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ಮೇಜಿನ ಮೇಲೆ ಕಣ್ಣಾಡಿಸಿಯೇ ಒತ್ತುತ್ತೇನೆ. ಕರೆಂಟ್ ಹೊಡೆದೀತೆಂದು ಹೆದರುತ್ತಾನೆ ಪಾಪ ಎಂದುಕೊಳ್ಳುತ್ತಾರೆ ಬಂದವರು. ಅದಲ್ಲ. ನಾನು ಒಮ್ಮೆ ಕಲಬುರಗಿಯಲ್ಲಿ ಕುಳಿತು ಸಮುದ್ರದ ತಳವನ್ನೇ ಹಾರಿಸಿಬಿಟ್ಟವನು.

ಆಗ ನಾನು ಹೊಸದಾಗಿ ಹೈಸ್ಕೂಲ್ ಮಾಸ್ತರನಾಗಿದ್ದೆ. ಅಕ್ಕ ಸುವರ್ಣಾ ಪಿಎಚ್‌ಡಿ ಮಾಡುತ್ತಿದ್ದಳು. ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರ ಎರಡು ಖೋಲಿಯ ಬಾಡಿಗೆ ಮನೆ. ನಮ್ಮೂರು ಕಮಲಾಪುರ; ಕೆಂಪುಬಾಳೆ ಬೆಳೆಯುವ ಮನೆತನ. ಅಂಥ ಮನೆಯ ಹುಡುಗಿ ಲಕ್ಷದ್ವೀಪಕ್ಕೆ ಹೋಗಿ ಚೀಲಗಟ್ಟಲೆ ಮರಳು ತಂದಾಗ ನಾನು ಹಾಸ್ಯ ಮಾಡಿದ್ದೆ: "ಮರಳು ನಮ್ಮ ಹಳ್ಳದಾಗೂ ಸಿಗತಿತ್ತಲ್ಲಕ್ಕಾ, ಅಷ್ಟು ದೂರ ಯಾಕ ಹೋಗಿದ್ದಿ?"

ಆಕೆ ಕಿಟಕಿಯ ಬಳಿ ಸೂಕ್ಷ್ಮದರ್ಶಕ ಇಟ್ಟುಕೊಂಡು, ಒದ್ದೆ ಕುಂಚದ ತುದಿಯಿಂದ ಮರಳಿನೊಳಗಿನ ಚಿಪ್ಪುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಏಪ್ರಿಲ್ ಧಗೆಯಲ್ಲೂ ಪಂಖಾ ಬಂದ್.

"ಏ ಬೇಟಿ, ತಬಿಯತ್ ಕೆಡಿಸ್ಕೋತಿ ನೋಡು. ಏನ್ ಹುಡಕಾಕತ್ತಿ ಅದರಾಗ?" ಎಂದು ಮನೆಯ ಮಾಲೀಕರಾದ ಹಸೀನಾ ಚಾಚಿ ಶರಬತ್ತು ತಂದು ಕೇಳಿದರು.

ಅಕ್ಕ ಅವರ ಕಣ್ಣಿಗೆ ಸೂಕ್ಷ್ಮದರ್ಶಕ ಹೊಂದಿಸಿದಳು. "ತೊಗರಿಬ್ಯಾಳಿ ಹಂಗ ಕಾಣ್ತಾವಲ್ರೀ ಚಾಚಿ, ಅವು ಸಣ್ಣ ಜೀವಿಗಳ ಮನಿ. ನೀರು ಸ್ವಚ್ಛ ಇದ್ರ ಇವು ಭಾಳ ಇರ್ತಾವ, ಹವಳಾನೂ ಬೆಳೀತದ. ನೀರು ಹೊಲಸಾದ್ರ ಇವು ಕಮ್ಮಿ ಆಗಿ ಬಾಜೂಕ ಇರೋ ಇನ್ನೂ ಸಣ್ಣ ಚಿಪ್ಪಿನವು ಹೆಚ್ಚಾಗ್ತಾವ. ಎಣಿಸಿದ್ರ ಹವಳದ ತಬಿಯತ್ ಹೆಂಗದ ಅಂತ ತಿಳೀತದ."

ಪಕ್ಕದ ಖೋಲಿಯಲ್ಲಿದ್ದ ನನಗೆ ಆ ದಿನವೇ ಎಲ್ಲ ತಿಳಿದದ್ದು. ನಾಚಿಕೆಗೆ ಕೇಳಿಸದವನಂತೆ ಕುಳಿತೆ.

ಒಂದು ಮಧ್ಯಾಹ್ನ ಶಾಲೆಯಿಂದ ಬೆವೆತು ಬಂದವನೇ ಬಟನ್ ಒತ್ತಿದೆ. ವಾರಗಟ್ಟಲೆ ಆರಿಸಿದ ಚಿಪ್ಪುಗಳು ತಟ್ಟೆಯಿಂದೆದ್ದು ಗೋಡೆ, ಹಾಸಿಗೆ, ನನ್ನ ಅಂಗಿಯ ಮೇಲೆಲ್ಲ ಕುಳಿತವು. ಎಣಿಸಿ ಪುಸ್ತಕದಲ್ಲಿ ಬರೆದಾಗಿತ್ತು. ಡಬ್ಬಿಗೆ ಹಾಕುವುದಷ್ಟೇ ಬಾಕಿ. ಅಕ್ಕ ಬೈಯಲಿಲ್ಲ. "ಬಂದ್ ಮಾಡು" ಎಂದಳು, ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ತೋರಿಸಲು ಚಿಪ್ಪುಗಳೇ ಇಲ್ಲದ ಲೆಕ್ಕವನ್ನು ಯಾರೂ ಒಪ್ಪುವುದಿಲ್ಲವೆಂದು, ಮರುದಿನ ಉಳಿದ ಮರಳಿನಿಂದ ಮತ್ತೆ ಮೊದಲಿನಿಂದ ಶುರು ಮಾಡಿದಳು. ನಾನು ಕಿಟಕಿಗೆ ಒದ್ದೆ ಚಾದರ ಕಟ್ಟಿ, ಅಡುಗೆ ಮಾಡಿ, ಬಾಗಿಲು ಕಾದೆ. ಮಾಸ್ತರಿಕೆಗಿಂತ ಅದನ್ನೇ ಚೆನ್ನಾಗಿ ಮಾಡಿದೆನೆಂದು ಕಾಣುತ್ತದೆ.

ಲೆಕ್ಕ ನೋಡಿದ ಆಕೆಯ ಗೈಡ್ ಒಪ್ಪಲಿಲ್ಲ. ಮುಳುಗಿ ನೋಡಿದವರಿಗೆ ಆ ಹವಳ ಬಣ್ಣಬಣ್ಣವಾಗಿ ಚಂದವೇ ಕಂಡಿತ್ತು; ಅಕ್ಕನ ಚಿಪ್ಪುಗಳು ಮಾತ್ರ ನೀರು ಕೆಡುತ್ತಿದೆ ಎನ್ನುತ್ತಿದ್ದವು. "ಇನ್ನೊಮ್ಮೆ ಎಣಿಸಮ್ಮಾ" ಎಂದರು.

"ಎರಡು ಸಲ ಎಣಿಸೀನ್ರೀ ಸರ್. ಎರಡೂ ಸಲ ಹಂಗೇ ಬಂದದ" ಎಂದು ಎರಡೂ ಪುಸ್ತಕ ಮುಂದಿಟ್ಟಳು. ಎರಡನೆಯದಕ್ಕೆ ಕಾರಣ ಯಾರೆಂದು ಹೇಳಲಿಲ್ಲ.

ಮುಂದಿನ ಸಲ ಗೈಡ್ ಅವರ ತಂಡ ಲಕ್ಷದ್ವೀಪಕ್ಕೆ ಹೋಗಿ ನೀರನ್ನೇ ಪರೀಕ್ಷಿಸಿತು. ದಂಡೆಯ ಹತ್ತಿರದ ಒಂದು ಗಟಾರದ ಗುಂಡಿ ಒಳಗೊಳಗೇ ಸೋರುತ್ತಿತ್ತು. ದ್ವೀಪದವರು ಅದನ್ನು ಮುಚ್ಚಿ ಬೇರೆ ಕಡೆ ಕಟ್ಟಿಸಿದರು. ವಿಶ್ವವಿದ್ಯಾಲಯದ ತುಂಬಿದ ಸಭೆಯಲ್ಲಿ ಗೈಡ್ ಎದ್ದು ನಿಂತು, "ಸುವರ್ಣಾನ ಲೆಕ್ಕ ಖರೆ ಇತ್ತು, ತಪ್ಪಿದವ ನಾನು" ಎಂದಾಗ ಹಿಂದಿನ ಸಾಲಿನಲ್ಲಿದ್ದ ನಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ. ಜೊತೆಗೆ ಬಂದಿದ್ದ ಹಸೀನಾ ಚಾಚಿ ಪಕ್ಕದಲ್ಲಿ ಕುಳಿತವರಿಗೆ "ನಮ್ಮ ಮನಿಯಾಗೇ ಎಣಿಸ್ಯಾಳ್ರೀ" ಎನ್ನುತ್ತಿದ್ದರು.

ಮೊನ್ನೆ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಬಾಳೆ ವ್ಯಾಪಾರಿಯೊಬ್ಬರು, "ಮಾಸ್ತರ, ನಿಮ್ಮ ಅಕ್ಕಾರು ಏನು ಮಾಡ್ತಾರ್ರೀ?" ಎಂದರು. ಹೇಳತೊಡಗಿದೆ. ಕಲಬುರಗಿಯ ಬಸ್ ಬಂತು, ಹೋಯಿತು. ಅವರು ಬುಟ್ಟಿಯ ಮೇಲೆ ಕೈಯಿಟ್ಟು ಪೂರ್ತಿ ಕೇಳಿದರು. ಆಮೇಲೆ, ದೂರದ ನೆಂಟರ ಸುದ್ದಿ ವಿಚಾರಿಸುವವರ ಹಾಗೆ ಕೇಳಿದರು: "ಈಗ ಆರಾಮ ಅದಾವೇನ್ರೀ ಆ ಹವಳ?"

"ಸುಧಾರಿಸಾಕತ್ತಾವ್ರೀ" ಎಂದೆ. "ಹೋದ ತಿಂಗಳ ಅಕ್ಕ ಖುದ್ದ ಹೋಗಿ ನೋಡಿ ಬಂದಾಳ."